ಬರಬೇಡಿ ಎಂದು ನಾನು ಬರೆದ ಕಾಗದ

ಸಿಸ್ಟರ್ ಹೈದರಾಬಾದಿಗೆ ಮರಳಿ ಬರುವುದು ನನಗೆ ಬೇಕಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಅದು: ನಿನ್ನ ಪಕ್ಷದ ಹುಳುಕನ್ನು ಎದುರಾಳಿ ಎತ್ತುವ ಮೊದಲು ನೀನೇ ಎತ್ತಿ ತೋರಿಸು, ಆಮೇಲೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನನ್ನ ಪಕ್ಷದ ಹುಳುಕು ಹೊಟ್ಟೆಕಿಚ್ಚು. ಎತ್ತಿ ತೋರಿಸಿದ ಮೇಲೂ ಅದೇನೂ ಕಡಿಮೆಯಾಗಿಲ್ಲ ಎಂಬುದು ಬೇರೆ ಮಾತು.

ಆಗ ನಾವು ಹಿಮಾಯತ್‌ನಗರದ ಒಂದು ಹಳೆಯ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆವು. ಅಪ್ಪ ಸೆಕ್ರೆಟೇರಿಯಟ್ಟಿನಲ್ಲಿ ನೌಕರಿ ಮಾಡುತ್ತಿದ್ದರು. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಅಜ್ಜ ನಿಜಾಮನ ಕಾಲದಲ್ಲಿ ಕಂದಾಯ ಖಾತೆಗೆ ಸೇರಿ ರಾಯಚೂರು ಸೀಮೆಯಿಂದ ಇಲ್ಲಿಗೆ ಬಂದವರು. ರಾಜ್ಯಗಳು ಪಾಲಾದಾಗ ಊರು ಮೈಸೂರಿನ ಕಡೆ ಹೋಯಿತು, ಕಚೇರಿ ಆಂಧ್ರದ ಕಡೆ ಉಳಿಯಿತು, ಅಜ್ಜ ಕಚೇರಿಯ ಜೊತೆ ಉಳಿದರು. ಆಯಿಯನ್ನು ಯಾರೂ ಕೇಳಲಿಲ್ಲ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಆಕೆಗೆ ಇದು ಪರಊರೇ. ತರಕಾರಿಯವಳ ತೆಲುಗಿಗೆ ಕನ್ನಡದಲ್ಲಿ ಉತ್ತರಿಸಿ, ತೂಕದಲ್ಲಿ ಮೋಸವಾಯಿತೆಂದು ಕನ್ನಡದಲ್ಲೇ ಬೈದು, ಒಳಗೆ ಬಂದು ಬಾಗಿಲು ಹಾಕಿಕೊಳ್ಳುವಳು.

ಆಯಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹಿಮ್ಮಡಿಯ ಹತ್ತಿರ ಒಂದು ಹುಣ್ಣು ಎದ್ದು ಮಾಯದೆ ಕೂತಿತು. ದಿನ ಬಿಟ್ಟು ದಿನ ತೊಳೆದು ಪಟ್ಟಿ ಕಟ್ಟಬೇಕೆಂದರು ಡಾಕ್ಟರು. ಸನತ್‌ನಗರದಲ್ಲಿ ಕಾರ್ಖಾನೆ ಕೂಲಿಯವರ ಮನೆಗಳ ನಡುವೆ ಒಬ್ಬ ಬಿಳಿ ನರ್ಸಮ್ಮ ದವಾಖಾನೆ ನಡೆಸುತ್ತಾಳೆ, ಹುಣ್ಣಿಗೆ ಅವಳ ಕೈಗುಣ ಒಳ್ಳೆಯದು ಎಂದು ಯಾರೋ ಹೇಳಿದ್ದರಿಂದ ಅವ್ವ ಆಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಚೀಲ ಹಿಡಿಯಲು ನಾನೂ ಹೋದೆ.

ಎತ್ತರದ ಹೆಂಗಸು, ಅರವತ್ತರ ಹತ್ತಿರ, ಬಿಳಿ ನೂಲಿನ ಸೀರೆ, ಎಲ್ಲರ ಬಾಯಲ್ಲೂ ಸಿಸ್ಟರ್. ಆಯಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಯಾವೂರಾತು ಯವ್ವಾ ನಿಮ್ಮದು?"

ಆಯಿ ಬಾಯಿ ತೆರೆದಳು, ಮುಚ್ಚಲಿಲ್ಲ. ಅವ್ವನ ಕಡೆ ತಿರುಗಿ, "ಏ, ಈಕಿ ನಮ್ಮ ಸೀಮಿಯಾಕಿ ಅದಾಳಲ್ಲ!" ಎಂದಳು.

ಅವರು ಹುಟ್ಟಿದ್ದು ಎಲ್ಲೋ ಉತ್ತರದ ಚಳಿ ದೇಶದ ಬಂದರಿನ ಊರಿನಲ್ಲಿ. ಇಪ್ಪತ್ತಾರನೆಯ ವಯಸ್ಸಿಗೆ ಮಿಶನ್ನಿನವರು ಹಡಗು ಹತ್ತಿಸಿದ್ದರು. ರಾಯಚೂರು ಕಡೆಯ ಹಳ್ಳಿಗಳಲ್ಲಿ ಹದಿನೆಂಟು ವರ್ಷ ಹೆರಿಗೆ ಮಾಡಿಸಿ, ಆಮೇಲೆ ಹೈದರಾಬಾದಿಗೆ ಬಂದವರು. ಹಾಗಾಗಿ ಅವರ ಬಾಯಲ್ಲಿ ಆಯಿಯ ಕನ್ನಡವೇ ಇತ್ತು, ಒಂದು ಕೂದಲೂ ಕೊಂಕದೆ. ನನ್ನ ಬಾಯಲ್ಲಿದ್ದದ್ದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಪುಸ್ತಕದ ಮಾತು, ಅದರ ಮೇಲೆ ಗಲ್ಲಿಯ ತೆಲುಗು, ಬಸ್ಸಿನ ಹಿಂದಿ. "ನಿನ್ನ ಮಾತು ಮಸರನ್ನದಾಗ ಸಾರು ಕಲಿಸಿದಂಗ ಐತಿ" ಎನ್ನುತ್ತಿದ್ದಳು ಆಯಿ. ಮೊದಲೆಲ್ಲ ನಗುತ್ತಾ ಅನ್ನುತ್ತಿದ್ದಳು. ಸಿಸ್ಟರ್ ಬಂದ ಮೇಲೆ ಹೋಲಿಸಿ ಅನ್ನತೊಡಗಿದಳು.

ಒಂದು ತಿಂಗಳೊಳಗೆ ಸಿಸ್ಟರೇ ಬಸ್ಸು ಹಿಡಿದು ನಮ್ಮ ಮನೆಗೆ ಬರುವಂತಾಯಿತು. ಸೋಮವಾರ, ಗುರುವಾರ. ಪಟ್ಟಿ ಕಟ್ಟುವುದು ಕಾಲು ಗಂಟೆ, ಮಾತು ಎರಡು ಗಂಟೆ. ನಾನು ಪಕ್ಕದ ಕೋಣೆಯಲ್ಲಿ ಚರ್ಚೆಗೆ ತಯಾರಿ ನಡೆಸಿದಂತೆ ನಟಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಆಯಿ ತನ್ನ ಮೊದಲ ಕೂಸು ಸತ್ತದ್ದನ್ನು ಹೇಳಿದಳು. ಅಂಥ ಕೂಸೊಂದು ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಅದೇ ಮನೆಯಲ್ಲಿದ್ದೆ, ಅದೇ ಹಾಸಿಗೆಯ ಅಂಚಿಗೆ ಮಲಗಿದ್ದೆ, ನನಗೆ ಹೇಳಲಿಲ್ಲ. ಬಸ್ಸಿನಿಂದ ಇಳಿದು ಬಂದ ಬಿಳಿ ಹೆಂಗಸಿಗೆ ಹೇಳಿದಳು.

ನಾನು ದೇವರನ್ನು ನಂಬುವವಳಲ್ಲ. ನಮ್ಮ ಮನೆಯ ದೇವರ ಜಗುಲಿಯ ಲಿಂಗವನ್ನೂ ಗೇಲಿ ಮಾಡದೆ ಬಿಟ್ಟಿರಲಿಲ್ಲ, ಇನ್ನು ಅವರ ಯೇಸುವನ್ನು ಬಿಡುತ್ತೇನೆಯೇ? ಒಂದು ಗುರುವಾರ ನೇರವಾಗಿ ಕೇಳಿದೆ.

"ದೇವರು ವಾಸಿ ಮಾಡ್ತಾನ ಅಂತೀರಿ. ಮತ್ತ ಈ ಹತ್ತಿ, ಮುಲಾಮು, ಪಟ್ಟಿ ಎಲ್ಲಾ ಯಾಕ್ರಿ?"

ಸಿಸ್ಟರ್ ತಲೆಯೆತ್ತಲಿಲ್ಲ. "ದೇವರಿಗೆ ಪಟ್ಟಿ ಕಟ್ಟಾಕ ಬರೂದಿಲ್ಲ ತಂಗಿ. ಅದಕ್ಕ ನನ್ನ ಕೆಲಸಕ್ಕ ಇಟ್ಕೊಂಡಾನ."

"ಹಾಕಿದ್ಲು ನೋಡು!" ಎಂದು ಆಯಿ ತೊಡೆ ತಟ್ಟಿ ನಕ್ಕಳು. "ಕಪ್ಪು ಗೆದ್ದು ತರ್ತೀಯಲ್ಲ, ಈಗ ಹೇಳು ನೋಡೋಣು ಏನ್ ಹೇಳ್ತಿ."

ಹೇಳುವುದಕ್ಕೆ ನನ್ನಲ್ಲಿ ಐದು ಮಾತಿದ್ದವು, ಐದೂ ತರ್ಕಬದ್ಧ. ಹೇಳಿದೆ ಕೂಡ. ಸಿಸ್ಟರ್ ಎಲ್ಲದಕ್ಕೂ "ಖರೇ" ಎಂದರು. ಒಪ್ಪಿಕೊಂಡವರ ಜೊತೆ ಹೇಗೆ ವಾದ ಮಾಡುವುದು? ಅವರು ಮತ ಬದಲಿಸುವ ಮಾತೆತ್ತಲಿ ಎಂದು ನಾನು ಕಾದೆ, ಎರಡು ವರ್ಷ ಕಾದೆ. ಹಾಗೇನಾದರೂ ಎತ್ತಿದ್ದರೆ ನನಗೆ ತುಂಬ ಅನುಕೂಲವಾಗುತ್ತಿತ್ತು. ಅಪ್ಪನಿಗೆ ಹೇಳಿ ಮರುದಿನವೇ ಬರುವುದನ್ನು ನಿಲ್ಲಿಸಬಹುದಿತ್ತು. ಅವರು ಆ ಉಪಕಾರವನ್ನೂ ಮಾಡಲಿಲ್ಲ.

ಹೀಗಿರುವಾಗ ಅವರ ಊರಿನಿಂದ ಸುದ್ದಿ ಬಂತು. ಅವರ ಅಕ್ಕ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ, ಮನೆಯಲ್ಲಿ ಒಬ್ಬಳೇ. ಮಿಶನ್ನಿನವರು ರಜೆ ಕೊಟ್ಟರು. ಹೊರಡುವ ಮೊದಲು ಸಿಸ್ಟರ್ ನನ್ನನ್ನು ಕೂರಿಸಿಕೊಂಡು ಹುಣ್ಣು ತೊಳೆಯುವುದನ್ನು ಕಲಿಸಿದರು. ಕುದಿಸಿ ಆರಿಸಿದ ಉಪ್ಪು ನೀರು, ಅಂಚಿನ ಸತ್ತ ಚರ್ಮ, ಹತ್ತಿಯನ್ನು ಒಳಗಿನಿಂದ ಹೊರಗೆ ಒಂದೇ ದಿಕ್ಕಿಗೆ ಒರೆಸುವುದು. ನಾನು ಎರಡೇ ಸಲಕ್ಕೆ ಕಲಿತೆ. ಅಷ್ಟು ಶ್ರದ್ಧೆಯಿಂದ ಯಾವ ಪರೀಕ್ಷೆಗೂ ಓದಿರಲಿಲ್ಲ.

ಆಮೇಲಿನ ಒಂಬತ್ತು ತಿಂಗಳು ಆಯಿಯ ಕಾಲು ನನ್ನದು. ಕಾಲೇಜಿನಿಂದ ಬಂದು ಪುಸ್ತಕ ಎಸೆದು ನೇರ ಅವಳ ಮಂಚದ ಬುಡಕ್ಕೆ. ಹುಣ್ಣು ರೂಪಾಯಿಯಗಲದಿಂದ ನಾಲ್ಕಾಣೆಯಗಲಕ್ಕೆ ಇಳಿಯಿತು. ಆಯಿ ನನಗೂ ಕತೆ ಹೇಳತೊಡಗಿದಳು. ಆದರೆ ಪ್ರತಿ ಕತೆಯ ಬಾಗಿಲಲ್ಲಿ ಒಂದು ಮಾತು ನಿಂತಿರುತ್ತಿತ್ತು: "ಸಿಸ್ಟರವ್ವಗ ಹೇಳಿದ್ನಲ್ಲಾ, ಅದ..." ನನಗೆ ಸಿಕ್ಕಿದ್ದೆಲ್ಲ ಒಮ್ಮೆ ಉಟ್ಟು ಬಿಟ್ಟ ಸೀರೆ. ಆದರೂ ಉಟ್ಟೆ.

ಬೇಸಿಗೆಯಲ್ಲಿ ಕಾಗದ ಬಂತು, ಅವರದೇ ದುಂಡು ಕನ್ನಡದ ಅಕ್ಷರದಲ್ಲಿ. ಆಯಿಗೆ ಓದು ಬರಹ ಬಾರದು, ನಾನೇ ಓದಿದೆ. ಯವ್ವಾ, ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ಇಲ್ಲಿಯವರು ನಿನಗೂ ವಯಸ್ಸಾಯಿತು, ಇಲ್ಲೇ ಇದ್ದುಬಿಡು, ಸನತ್‌ನಗರಕ್ಕೆ ಬೇರೆ ನರ್ಸ್ ಸಿಗುತ್ತಾಳೆ ಎನ್ನುತ್ತಿದ್ದಾರೆ. ಮಳೆಗಾಲದೊಳಗೆ ಹೌದು ಇಲ್ಲ ಹೇಳಬೇಕು. ಎಷ್ಟು ಪ್ರಾರ್ಥನೆ ಮಾಡಿದರೂ ಉತ್ತರ ಸಿಕ್ಕಿಲ್ಲ. ನೀವೇನಂತೀರಿ?

ಓದುವಾಗ ನಾನು ಒಂದಕ್ಷರ ಬಿಡಲಿಲ್ಲ. ಆ ಮಟ್ಟಿಗೆ ಪ್ರಾಮಾಣಿಕಳು.

"ಬಾ ಅಂತ ಬರಿ" ಎಂದಳು ಆಯಿ.

"ಅಷ್ಟೇನಾ?"

"ಮತ್ತೇನು? ನಾಗರ ಪಂಚಮಿಗೆ ಬಾ ಅಂತ ಬರಿ. ಇನ್ನೇನೈತಿ ಅದರಾಗ."

ನಾನು ಕಾಗದ ತೆಗೆದುಕೊಂಡು ಕೂತೆ. ಬರೆದದ್ದು ಒಂದೂವರೆ ಪುಟ. ಅಂಥ ವಾದವನ್ನು ನಾನು ಯಾವ ವೇದಿಕೆಯ ಮೇಲೂ ಮಂಡಿಸಿರಲಿಲ್ಲ. ಮಗಳೇ, ನಿನ್ನ ಅಕ್ಕನಿಗೆ ನಿನ್ನ ಬಿಟ್ಟರೆ ಯಾರಿದ್ದಾರೆ? ಒಡಹುಟ್ಟಿದವಳನ್ನು ಬಿಟ್ಟು ಪರರ ಸೇವೆಗೆ ಓಡಿ ಬರುವುದನ್ನು ನಿನ್ನ ದೇವರಾದರೂ ಮೆಚ್ಚುವನೇ? ಇಲ್ಲಿ ನನ್ನ ಕಾಲು ಮಾಯುತ್ತಿದೆ, ಮೊಮ್ಮಗಳು ನಿನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. (ಈ ವಾಕ್ಯವನ್ನು ಹೊಡೆದುಹಾಕಿ "ನಿನ್ನಷ್ಟೇ ಚೆನ್ನಾಗಿ" ಎಂದು ತಿದ್ದಿದೆ. ಅತಿ ಮಾಡಿದರೆ ವಾದ ಕೆಡುತ್ತದೆ.) ನಲವತ್ತು ವರ್ಷ ಪರಊರಿನಲ್ಲಿ ಬಾಳಿದವಳು ನಾನು, ಅದರ ಕಷ್ಟ ನನಗೆ ಗೊತ್ತು, ನೀನು ನಿನ್ನೂರಿನಲ್ಲೇ ಇರು, ಸುಖವಾಗಿರು.

ಆಯಿ ಪೆನ್ನಿನ ಸದ್ದು ಕೇಳುತ್ತಾ ಕೂತಿದ್ದಳು. "ಒಂದ ಮಾತ್ ಹೇಳಿದ್ನಿ. ಇಷ್ಟೊತ್ತ್ಯಾಕ ಬರೀತಿ?"

"ಕಾಗದ ಅಂದ್ರ ಕ್ಷೇಮ ಸಮಾಚಾರ ಎಲ್ಲಾ ಇರಬೇಕಲ್ಲ ಆಯಿ."

"ಹೌದ? ಬರಿ ಹಂಗಾರ."

ಅಪ್ಪನ ಮೇಜಿನಿಂದ ಮಸಿಯ ಪ್ಯಾಡು ತಂದು ಅವಳ ಹೆಬ್ಬೆಟ್ಟು ಒತ್ತಿಸಿದೆ. ಅವಳು ಬೆರಳನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡುತ್ತಿದ್ದಳು, ಉಗುರು ಕತ್ತರಿಸುವಾಗ ಕೊಡುತ್ತಿದ್ದ ಹಾಗೆ.

ಆಮೇಲೆ ಅವ್ವನನ್ನು ಕೂಗಿ ತನ್ನ ಟ್ರಂಕು ತೆಗೆಸಿದಳು. ಕೆಳಗಿನಿಂದ ಒಂದು ಖಣ ಬಂತು, ಕೆಂಪು ಒಡಲು ಹಸಿರು ಅಂಚಿನ ಕುಪ್ಪಸದ ಬಟ್ಟೆ, ಮೂಲೆಗೆ ಮೂಲೆ ಕೂಡಿಸಿ ಮಡಚಿದ್ದು. "ನೀ ಇಡವಾ, ನಾ ಮುಟ್ಟಬಾರದು" ಎಂದಳು ಅವ್ವನಿಗೆ. ಗಂಡ ಸತ್ತವಳ ಕೈ ಇಂಥದ್ದಕ್ಕೆ ಆಗದಂತೆ. ಅವ್ವ ಅದರ ತುದಿಗೆ ಅರಿಶಿನ ಕುಂಕುಮ ಹಚ್ಚಿ ಕಾಗದದ ಜೊತೆ ಇಟ್ಟಳು. ಮದುವೆಯೇ ಆಗದ ಕ್ರೈಸ್ತ ನರ್ಸಿಗೆ ಅರಿಶಿನ ಕುಂಕುಮದ ಖಣ, ಅದನ್ನು ಕಳಿಸುವವಳಿಗೆ ಅದನ್ನು ಮುಟ್ಟುವ ಹಕ್ಕಿಲ್ಲ! ಈ ಅಸಂಬದ್ಧದ ಮೇಲೆ ಹತ್ತು ನಿಮಿಷ ಭಾಷಣ ಮಾಡಬಹುದಿತ್ತು. ಅಂದು ಮಾತ್ರ ಸುಮ್ಮನಿದ್ದೆ. ನನ್ನ ಕೆಲಸ ಆಗಿತ್ತಲ್ಲ.

ಅಂಚೆ ಕಚೇರಿಯಲ್ಲಿ ಗುಮಾಸ್ತ ದಪ್ಪ ಲಕೋಟೆಯನ್ನು ಅಮುಕಿ ನೋಡಿ, ಒಳಗೇನಿದೆ ಎಂದು ತೆಲುಗಿನಲ್ಲಿ ಕೇಳಿದ. ಒಂದು ಬಟ್ಟೆ ತುಂಡು, ಅಂಥದ್ದೇನಿಲ್ಲ ಎಂದೆ. ನಾನು ನಿಜಕ್ಕೂ ಹಾಗೆಯೇ ತಿಳಿದಿದ್ದೆ.

ಜೂನ್ ಕಳೆಯಿತು, ಉತ್ತರ ಬರಲಿಲ್ಲ. ಆಯಿ ದಿನಾ ಕೇಳುವಳು, ನಾನು ದಿನಾ "ಇಲ್ಲ" ಎನ್ನುವೆ. ಗೆದ್ದೆ ಎಂದುಕೊಂಡೆ. ಪಂಚಮಿಗೆ ಒಂದು ವಾರವಿದೆ ಎನ್ನುವಾಗ ಮಧ್ಯಾಹ್ನ ಗೇಟಿನ ಹತ್ತಿರ ಆಟೋ ನಿಂತಿತು. ಬಿಳಿ ಸೀರೆ. ಅದರ ಜೊತೆ, ಯಾವತ್ತೂ ಬಿಳಿ ಕುಪ್ಪಸವೇ ತೊಡುತ್ತಿದ್ದವರ ಮೈಮೇಲೆ, ಕೆಂಪು ಒಡಲು ಹಸಿರು ಅಂಚಿನ ಖಣದ ಕುಪ್ಪಸ. ದರ್ಜಿಗೆ ಅಂಥ ಬಟ್ಟೆಯ ಅಂದಾಜು ಸಿಕ್ಕಿರಲಿಕ್ಕಿಲ್ಲ, ತೋಳು ಒಂದು ಕಡೆ ಉದ್ದ.

ಆಯಿ ಮಂಚದಿಂದ ಇಳಿದಳು. ಅವಳು ಯಾರ ಆಸರೆಯೂ ಇಲ್ಲದೆ ಇಳಿದದ್ದನ್ನು ನಾನು ಆ ವರ್ಷ ಕಂಡಿರಲಿಲ್ಲ. ನಾನು ಒಂಬತ್ತು ತಿಂಗಳು ತೊಳೆದ ಕಾಲಿನ ಮೇಲೆ ನಡೆದು, ನನ್ನನ್ನು ದಾಟಿ, ಬಾಗಿಲಿಗೆ ಹೋದಳು.

"ಬಂದಿ?"

"ಬಂದ್ನಿ ಯವ್ವಾ."

ಅಷ್ಟೇ. ಇಬ್ಬರೂ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಅತ್ತಿದ್ದರೆ ನಾನು ಒಳಗೊಳಗೆ ನಕ್ಕು ಹಗುರಾಗುತ್ತಿದ್ದೆ. ಆಯಿ ಅವರ ತೋಳು ಹಿಡಿದು ಹೊಲಿಗೆ ನೋಡಿ, "ಯಾವ ಹುಚ್ಚ ಹೊಲದಾನ ಇದನ್ನ" ಎಂದಳು.

ಮರುದಿನ ಅವ್ವ ಪಂಚಮಿಯ ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿ, ಸಿಸ್ಟರ್‌ಗೆ ಕೊಟ್ಟು ಬಾ ಎಂದು ನನ್ನನ್ನೇ ಸನತ್‌ನಗರಕ್ಕೆ ಅಟ್ಟಿದಳು. ದವಾಖಾನೆಯ ಮುಂದೆ ಸಾಲು. ಕಲಬುರ್ಗಿ, ಬೀದರ ಕಡೆಯ ಹೆಂಗಸರು, ಕಂಕುಳಲ್ಲಿ ಕೂಸು. ಒಬ್ಬಾಕೆ ಸಿಸ್ಟರನ್ನು ದಬಾಯಿಸುತ್ತಿದ್ದಳು: "ಹೊಸಾ ನರ್ಸು ಭಾಳ ಚಲೋ ಇದ್ಲ್ರೀ. ನಮ್ಮ ಮಾತ ತಿಳೀತಿದ್ದಿಲ್ಲ ಅಷ್ಟ. ಹೊಟ್ಟಿ ನೋವು ಅಂದ್ರ ಕೆಮ್ಮಿನ ಔಷಧ ಕೊಡ್ತಿದ್ಲು. ಎಲ್ಲಿ ಹೋಗಿದ್ರಿ ಇಷ್ಟ್ ದಿನ?" ಹಾಗಾದರೆ ಇವರೆಲ್ಲರೂ ಕಾಯುತ್ತಿದ್ದರು. ಆಯಿ ಇವರ ಸಾಲಿನಲ್ಲಿ ಒಬ್ಬಳು. ನನಗೆ ಆಯಿಯ ಪರವಾಗಿಯೂ ಒಂದಿಷ್ಟು ಹೊಟ್ಟೆ ಉರಿಯಿತು.

ಸಾಲು ಕರಗಿದ ಮೇಲೆ ಸಿಸ್ಟರ್ ಕೈ ತೊಳೆದು ಬಂದು ನನ್ನ ಪಕ್ಕದ ಬೆಂಚಿಗೆ ಕೂತರು. ಒಂದು ಉಂಡಿ ಬಾಯಿಗೆ ಹಾಕಿಕೊಂಡರು.

"ನಿನ್ನ ಕಾಗದ ಭಾಳ ಚಲೋ ಇತ್ತು" ಎಂದರು.

ನಾನು ಡಬ್ಬಿಯ ಮುಚ್ಚಳ ಹಾಕಿದೆ, ತೆಗೆದೆ.

"ಆಯಿ ಹೇಳಿದ್ದು, ನಾ ಬರದೆ."

"ಅಕಿ ಇಂಥಾ ಪುಸ್ತಕದ ಮಾತು ಎಂದರ ಆಡ್ಯಾಳೇನು" ಎಂದು ನಕ್ಕರು. "ಎರಡ ಸಲ ಓದಿದೆ. ಒಪ್ಪಿಗೀನೂ ಆತು. ನಮ್ಮ ಅಕ್ಕನೂ ಇದನ್ನ ಅಂದಿದ್ಲು ನೋಡು, ನಿನ್ನಷ್ಟು ಚಂದಾಗಿ ಅಲ್ಲ. ಇದ್ದುಬಿಡಬೇಕು ಅಂತ ಮಾಡಿದ್ದೆ. ಆಮ್ಯಾಲೆ ಲಕೋಟಿ ಝಾಡಿಸಿದ್ರ ಖಣ ಬಿತ್ತು."

"ಖಣ ಬಿದ್ರ ಏನಾತು?"

ಅವರು ನನ್ನನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ. ಅದರಲ್ಲಿ ಗೆಲುವಿರಲಿಲ್ಲ, ಬೆರಗಿತ್ತು. "ನಿಂಗ ಗೊತ್ತಿಲ್ಲ? ನಿಮ್ಮ ಆಯಿ ಊರ ಕಡೆ ಮಗಳನ್ನ ಪಂಚಮಿಗೆ ಕರೀಬೇಕಾದ್ರ ತವರಿನವರು ಖಣ ಕಳಸ್ತಾರ. ಬಾಯಿಮಾತಿನ ಕರೀಗೆ ಅತ್ತೀಮನಿಯವರು ಇಲ್ಲ ಅನ್ನಬಹುದು. ಖಣ ಬಂತಂದ್ರ ಯಾರೂ ಇಲ್ಲ ಅನ್ನೂಹಂಗಿಲ್ಲ, ಮಗಳೂ ಒಲ್ಲೆ ಅನ್ನೂಹಂಗಿಲ್ಲ. ನಾ ಎಷ್ಟ್ ಮನ್ಯಾಗ ನೋಡೀನಿ. ಹಡೆದು ಹನ್ನೊಂದ ದಿನ ಆದಾಕಿ ಗಾಡಿ ಹತ್ತಿ ಹೋಗ್ಯಾಳ." ಉಂಡಿಯ ಪುಡಿಯನ್ನು ಸೆರಗಿನಿಂದ ಕೊಡವಿದರು. "ನನ್ನ ಯಾರೂ ಹಂಗ ಕರದಿರಲಿಲ್ಲ ತಂಗಿ. ದೇವರು ಕರದ ಅಂತ ಮೊದಲ ಸಲ ಬಂದ್ನಿ. ಈ ಸಲ ಖಣ ಬಂತಂತ ಬಂದ್ನಿ."

ನನ್ನ ಒಂದೂವರೆ ಪುಟವನ್ನು ನಾನೇ ಲಕೋಟೆಗೆ ಹಾಕಿದ ಒಂದು ಮೊಳ ಬಟ್ಟೆ ಸೋಲಿಸಿತ್ತು. ನನ್ನ ಆಯಿಯ ಮಾತನ್ನು ಸಾವಿರಾರು ಮೈಲಿ ದೂರದಲ್ಲಿ ಕೂತು ಸಿಸ್ಟರ್ ಓದಿದ್ದರು, ಪಕ್ಕದಲ್ಲಿ ಕೂತ ನನಗೆ ಓದಲಾಗಿರಲಿಲ್ಲ. ಸಂಪ್ರದಾಯವನ್ನು ಗೇಲಿ ಮಾಡಬೇಕಾದರೆ ಮೊದಲು ಅದು ಗೊತ್ತಿರಬೇಕು. ನಾನು ಗೊತ್ತಿಲ್ಲದ್ದನ್ನು ಗೇಲಿ ಮಾಡುತ್ತಿದ್ದೆ.

"ನಿಮ್ಮ ಅಕ್ಕ ಏನಂದ್ರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ನಾ ಹೊಂಟ ದಿನ ಕದಾ ಹಾಕ್ಕೊಂಡು ಒಳಗ ಕುಂತ್ಲು."

ಆ ಹೆಂಗಸನ್ನು ನಾನು ಎಂದೂ ನೋಡಿಲ್ಲ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಅವಳೊಬ್ಬಳೇ ನನ್ನ ಕಣ್ಣ ಮುಂದೆ ಇದ್ದಳು, ಕೋಲು ಹಿಡಿದು, ಕದ ಹಾಕಿಕೊಂಡು. ಅವಳಿಗೂ ಒಬ್ಬಳು ಸವತಿ ಇದ್ದಳು, ಹೆಸರು ಕೇಳಿರದ ಊರಿನಲ್ಲಿ, ಕಾಲಿಗೆ ಹುಣ್ಣಾದ ಒಬ್ಬ ಮುದುಕಿ. ನಾನು ಅವಳ ಪರ ವಾದಿಸಿದ್ದೆ, ಅವಳಿಗಾಗಿ ಅಲ್ಲದಿದ್ದರೂ. ನಮ್ಮ ಪಕ್ಷ ಸೋತಿತ್ತು.

ಸಿಸ್ಟರ್ ಆಯಿಗೆ ಏನೂ ಹೇಳಿರಲಿಲ್ಲ, ಹೇಳುವುದೂ ಇಲ್ಲ ಎಂದು ಗೊತ್ತಿತ್ತು. ಸುಮ್ಮನಿದ್ದರೆ ನಾನು ಬಚಾವು. ಆದರೆ ನನ್ನ ಗುಟ್ಟು ಅವರ ಕೈಯಲ್ಲಿರುವುದು ನನ್ನಿಂದ ಸಹಿಸಲಾಗಲಿಲ್ಲ. ಆಯಿಯ ಎಲ್ಲ ಕತೆಗಳೂ ಅವರ ಹತ್ತಿರ, ಈಗ ನನ್ನದೂ ಅವರ ಹತ್ತಿರವೇ? ಅಂದು ಸಂಜೆ ಆಯಿಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಇದನ್ನು ಪಶ್ಚಾತ್ತಾಪ ಎಂದು ಕರೆದರೆ ಸುಳ್ಳಾಗುತ್ತದೆ.

ಆಯಿ ತನ್ನ ಹೆಬ್ಬೆಟ್ಟನ್ನು ಎತ್ತಿ ನೋಡಿಕೊಂಡಳು. "ನನ್ನ ಬಾಯಾಗ ಇಲ್ಲದ ಮಾತಿಗೆ ನನ್ನ ಬೆರಳ ಒತ್ತಿಸಿದಿ."

"ತಪ್ಪಾತು ಆಯಿ."

"ನೀ ಕಲತಾಕಿ. ಬ್ಯಾಡಾಗಿದ್ರ ನನ್ನ ಎದುರಿಗೆ ಬ್ಯಾಡ ಅನ್ನಬೇಕಿತ್ತು. ಜಗಳಾಡಬೇಕಿತ್ತು. ಎಲ್ಲರ ಕೂಡ ಜಗಳಾಡ್ತಿ, ನನ್ನ ಕೂಡ ಯಾಕ ಆಡಲಿಲ್ಲ?"

ಆಡಿದ್ದರೆ ಸೋಲುತ್ತಿದ್ದೆ ಎಂಬ ಉತ್ತರವೊಂದಿತ್ತು, ಅದನ್ನು ಹೇಳಲಿಲ್ಲ. ಮೂರು ದಿನ ಆಯಿ ನನ್ನ ಜೊತೆ ಮಾತಾಡಲಿಲ್ಲ. ಕಾಲು ಚಾಚುವಳು, ನಾನು ತೊಳೆಯುವೆ, ಕಟ್ಟುವೆ, ಅವಳು ಗೋಡೆ ನೋಡುವಳು.

ಗುರುವಾರ ಸಿಸ್ಟರ್ ಬಂದು ಎಂದಿನಂತೆ ಮಂಚದ ಬುಡಕ್ಕೆ ಕೂತು ಚೀಲ ತೆರೆದರು. ಇನ್ನು ನನ್ನ ಕೆಲಸ ಮುಗಿಯಿತು ಎಂದುಕೊಂಡು ನಾನು ಬಾಗಿಲ ಕಡೆ ಹೊರಟೆ.

"ಸಿಸ್ಟರವ್ವಾ, ಕಾಲಿನ ಸುದ್ದಿ ಬಿಡು" ಎಂದಳು ಆಯಿ. "ಅದನ್ನ ಈಕಿ ಮಾಡ್ತಾಳ. ನೀ ಮ್ಯಾಲೆ ಕುಂಡ್ರು. ನಂಗ ಅಕ್ಷರ ಕಲಸು."

ಸಿಸ್ಟರ್ ನನ್ನ ಕಡೆ ನೋಡಿದರು. "ಕಲಸಾಕ ಮೊಮ್ಮಗಳ ಅದಾಳಲ್ಲ ಯವ್ವಾ."

"ಅಕಿ ಬ್ಯಾಡ. ಅಕಿ ನಾ ಹೇಳಿದ್ದ ಬರಿಯೂದಿಲ್ಲ."

ವಾದದಲ್ಲಿ ಇಂಥ ಏಟು ನನಗೆ ಯಾರೂ ಕೊಟ್ಟಿರಲಿಲ್ಲ. ಎದ್ದು ಹೋಗಬಹುದಿತ್ತು. ಆದರೆ ಕಾಲು ಚಾಚಿತ್ತು, ಪಟ್ಟಿ ಬಿಚ್ಚಿತ್ತು, ಉಪ್ಪು ನೀರು ಆರುತ್ತಿತ್ತು.

ಸಿಸ್ಟರ್ ಮಂಚದ ಮೇಲೆ ಆಯಿಯ ಪಕ್ಕ ಕೂತರು. ಅವ್ವ ಎಲ್ಲಿಂದಲೋ ಒಂದು ಹಳೆಯ ಪಾಟಿ ತಂದುಕೊಟ್ಟಳು, ನನ್ನದೇ ಇರಬೇಕು. ನನ್ನ ತಲೆಯ ಮೇಲೆ ಬಳಪ ಕಿರುಗುಟ್ಟಿತು. "ಇದೇನಿದು, ಹಪ್ಪಳಾ ಲಟ್ಟಿಸಿದಂಗ ಆತು" ಎಂದು ಆಯಿ, "ಇರ್ಲಿ, ಇನ್ನೊಂದ್ ಲಟ್ಟಿಸ್ರಿ" ಎಂದು ಸಿಸ್ಟರ್, ಇಬ್ಬರೂ ನಕ್ಕರು. ನಾನು ಹತ್ತಿಯನ್ನು ಒಳಗಿನಿಂದ ಹೊರಗೆ ಒಂದೇ ದಿಕ್ಕಿಗೆ ಒರೆಸಿದೆ, ಮುಲಾಮು ಹಚ್ಚಿದೆ, ಪಟ್ಟಿ ಸುತ್ತತೊಡಗಿದೆ. ಮೇಲೆ ನಗು ನಿಲ್ಲಲಿಲ್ಲ. ನಾನು ಇನ್ನೊಂದು ಸುತ್ತು ಸುತ್ತಿದೆ, ಮತ್ತೊಂದು.

"ಬಿಗಿ ಆತು" ಎಂದಳು ಆಯಿ, ಪಾಟಿಯಿಂದ ಕಣ್ಣು ತೆಗೆಯದೆ. ಮೂರು ದಿನದ ಮೇಲೆ ನನಗೆಂದು ಆಡಿದ ಮೊದಲ ಮಾತು. "ಸಡ್ಲ ಮಾಡು."

ಸಡಿಲ ಮಾಡಿದೆ.